ವಾಡೇದ ಕಂಬ ಮಾರಬೇಕಂತ ಮನ್ಯಾಗ ಜಗಳ ನಡದದ. ಏನು ಉಳಿಸಬೇಕು, ಹ್ಯಾಂಗ ಉಳಿಸಬೇಕು?

ಪಡಸಾಲಿ_ಆಳಂದ

ಎಲ್ಲರಿಗೂ ಶರಣ್ರಿ. ಆಳಂದ ತಾಲೂಕಿನ ಒಂದು ಹಳ್ಳಿಯೊಳಗ ನಮ್ಮ ಹಿರ್ಯಾರು ಕಟ್ಟಿಸಿದ ವಾಡೆ, ಅಂದ್ರ ಚೌಕದ ದೊಡ್ಡ ಮನಿ, ಅದ. ಮುತ್ಯಾಗ ಐದು ಮಂದಿ ಗಂಡಮಕ್ಕಳು, ಅವರ ಮಕ್ಕಳೆಲ್ಲ ಈಗ ಪುಣೆ, ಹೈದರಾಬಾದ್, ಬೆಂಗಳೂರು ಅಂತ ಹಂಚಿಹೋಗ್ಯಾರ. ಊರಾಗ ಉಳಿದೋರು ದೊಡ್ಡಪ್ಪ, ದೊಡ್ಡವ್ವ ಇಬ್ಬರೇ. ಹ್ವಾದ ವಾರ ಹಳೇ ಕಟಗಿ ಖರೀದಿ ಮಾಡೋ ವ್ಯಾಪಾರಿ ಬಂದಿದ್ದ. ಪಡಸಾಲಿಯ ಹದಿನಾರು ಸಾಗವಾನಿ ಕಂಬ ಬೋದಿಗಿ (ಕಂಬದ ತಲಿ ಮ್ಯಾಲಿನ ಕಟಗಿ) ಸಮೇತ, ಮುಂದಿನ ಕೆತ್ತನಿ ಬಾಗಲ, ತೂಗುಮಂಚ, ಗಾಜಿನ ಹಂಡಿ ದೀಪ, ಎಲ್ಲಾ ಸೇರಿಸಿ ಒಂದು ರಕಮು ಹೇಳಿ ಹೋಗ್ಯಾನ. ಕಾಕಾನ ಮಕ್ಕಳಿಗೆ ಅದು ಪಸಂದ ಆಗ್ಯದ. "ಮಣ್ಣಿನ ಮಾಳಗಿ ಸೋರ್ತದ, ಬಡಗಣ ಗ್ವಾಡಿ ಹೊಟ್ಟಿ ಬಿಟ್ಟದ, ಬಿದ್ದ ಮ್ಯಾಲ ಯಾರು ಕೇಳ್ತಾರ, ಈಗೇ ಕೊಟ್ಟುಬಿಡೋಣು" ಅಂತಾರ.

ಮನಿ ಹಿಂಗದ: ಅಗಸಿ ಬಾಗಲ, ಅದರಾಗ ಸಣ್ಣ ದಿಡ್ಡಿ. ದಾಟಿದರ ದೇವಡಿ, ಎರಡೂ ಕಡಿ ಕಟ್ಟಿ. ಆಮ್ಯಾಲ ತೆರೆದ ಚೌಕ, ಅದರ ಮೂರು ಕಡಿ ಪಡಸಾಲಿ. ಹಿಂದ ದೇವರ ಖೋಲಿ, ಉಗ್ರಾಣ. ಇನ್ನೂ ಹಿಂದ ಸಣ್ಣ ಚೌಕ, ಅಲ್ಲಿ ಅಡಗಿಮನಿ, ಬಚ್ಚಲ, ಬಾವಿ. ಪಡಸಾಲಿ ನೆಲದಾಗ ಹಗೇವು, ಅಂದ್ರ ಜ್ವಾಳ ತುಂಬಿಡೋ ಕುಣಿ, ಅದ, ಮ್ಯಾಲ ಕಲ್ಲಿನ ಮುಚ್ಚಳ. ಗ್ವಾಡಿ ಎರಡು ಮೊಳ ದಪ್ಪ, ತುಂಬ ಗೂಡುಗಳು. ನೆಲಕ್ಕ ಪರಸಿ. ಬಾಗಲದ ಮ್ಯಾಲಿನ ಕಟಗಿ ಪಟ್ಟಿಯೊಳಗ 1312 ಅಂತ ಕೆತ್ಯಾರ. ಅದಕ್ಕ ದೊಡ್ಡಪ್ಪ "ನಮ್ಮ ವಾಡೆ ಏಳನೂರು ವರ್ಷದ್ದು" ಅಂತಾರ.

ಗೌಂಡಿ ನೋಡಿ "ಮಾಳಗಿ ತೆಗೆದು ಸ್ಲ್ಯಾಬ್ ಹಾಕಸ್ರಿ" ಅಂದಾನ. ನನಗ ಈ ಮನಿ ಉಳಿಸಬೇಕಂತ ಭಾಳ ಅದ, ಆದರ ಮನ್ಯಾಗ ಮಾತಾಡಲಿಕ್ಕ ಗಟ್ಟಿ ಆಧಾರ ಬೇಕು. ತಿಳಿದವರು ಹೇಳ್ರಿ.

ಕೆಂಪುಗಲ್ಲು_ಬೀದರ

ಅಕ್ಕಾ, ಸಹಿ ಮಾಡಬ್ಯಾಡ್ರಿ. ಮುಂಗಡ ತಗೊಂಡಿಲ್ಲ ಅಂದ್ರ ಇನ್ನೂ ಏನೂ ಕೆಟ್ಟಿಲ್ಲ.

ಹಳೇ_ಪಹಣಿ

1312 ಇಸವಿ ಅಲ್ರಿ ತಂಗಿ. ಆಗಿನ್ನೂ ಬಹಮನಿ ರಾಜ್ಯಾನೇ ಹುಟ್ಟಿರಲಿಲ್ಲ, ಅದು ಕಲಬುರಗಿಯೊಳಗ ಸುರು ಆದದ್ದು 1347ಕ್ಕ. ನಿಜಾಮರ ಸೀಮಿಯೊಳಗ ಕಂದಾಯದ ಕಾಗದೆಲ್ಲ ಫಸಲಿ, ಅಂದ್ರ ಕಂದಾಯ ವರ್ಷದ, ಲೆಕ್ಕದ್ದು. ಹೈದರಾಬಾದ್ ಫಸಲಿಗೆ 590 ಕೂಡಿಸ್ರಿ, ವರ್ಷ ಸುರು ಆದ ಇಸವಿ ಬರ್ತದ. ವರ್ಷ ಅಕ್ಟೋಬರದಾಗ ಸುರು. ಹಂಗಂದ್ರ ನಿಮ್ಮದು 1902-03. ತಾಳೆ ನೋಡಬೇಕಂದ್ರ, ಜಾಗೀರು ರದ್ದು ಮಾಡಿದ ಕಾನೂನಿಗೆ 1358 ಫಸಲಿ ಅಂತ ಅದ, ಅದು ಬಂದದ್ದು 1949ರ ಆಗಸ್ಟದಾಗ. ಲೆಕ್ಕ ಸರಿ ಕೂಡ್ತದ.

ನಿಮ್ಮ ದೊಡ್ಡಪ್ಪಾರಿಗೆ ಬ್ಯಾಸರ ಆಗಬಾರದು. ನೂರಿಪ್ಪತ್ತು ವರ್ಷ ಮಣ್ಣು, ಕಟಗಿ, ಕಲ್ಲಿನ ಮನಿ ನಿಂತದ ಅಂದ್ರ ಸಣ್ಣ ಮಾತಲ್ಲ.

ದರ್ಗಾ_ಗಲ್ಲಿ

ಪಹಣಿ ಸಾಹೇಬ್ರೆ, ಹಿಜರಿ ಯಾಕ ಆಗಿರಬಾರದು? ಹಿಜರಿ 1312 ಅಂದ್ರ 1894-95. ನಮ್ಮ ಗಲ್ಲಿಯ ಹಳೇ ಬಾಗಲಗಳ ಮ್ಯಾಲ ಹಿಜರಿನೇ ಇರ್ತದ. ಅಕ್ಕಾ, ಪಟ್ಟಿಯೊಳಗ ತಿಂಗಳ ಹೆಸರು ಅದ ಏನು ನೋಡ್ರಿ. ರಜಬ್, ಶಾಬಾನ್ ಅಂತಿದ್ರ ಹಿಜರಿ. ಅಜೂರ್, ಬಹಮನ್, ಫರ್ವರ್ದಿ ಅಂತಿದ್ರ ಫಸಲಿ.

ಹಳೇ_ಪಹಣಿ

ಗೌಡ, ಪಾಟೀಲ, ಕುಲಕರ್ಣಿ ಮಂದಿ ಹಿಜರಿ ಯಾಕ ಹಾಕ್ತಾರಪ್ಪ? ದಿನಾ ಕೈಯಾಗ ಹಿಡಿಯೋ ಲೆಕ್ಕ ಫಸಲಿ.

ದರ್ಗಾ_ಗಲ್ಲಿ

ನೋಡದ ಹೇಳಬಾರದು ಅಂತ ನನ್ನ ಮಾತು, ಅಷ್ಟೇ. ಎಂಟು ವರ್ಷದ ಫರಕು ಬೀಳ್ತದ.

ಶರಣಗಲ್ಲಿ_ಪಂಚಾಂಗ

ಇಬ್ಬರೂ ಜರಾ ತಡೀರಿ. ನಮ್ಮ ಕಡಿ ಬಾಗಲದ ಮ್ಯಾಲ ಸಂವತ್ಸರ ಬರೀದ ಬಿಡೋದಿಲ್ಲ. 1902-03 ಆದರ ಶುಭಕೃತ್, 1894-95 ಆದರ ಜಯ. ಎರಡಕ್ಕೂ ಗೊಂದಲೇ ಇಲ್ಲ. ಎಣ್ಣಿ ಬಣ್ಣ ಹಚ್ಚಿದ್ರ ಅಕ್ಷರ ಮುಚ್ಚಿರ್ತಾವ, ಪಕ್ಕದಾಗ ಬ್ಯಾಟರಿ ಬೆಳಕು ಓರೆಯಾಗಿ ಬಿಟ್ಟು ನೋಡ್ರಿ, ಏಳ್ತಾವ. ಉಳಿಲೆ ಕೆರೀಬ್ಯಾಡ್ರಿ.

ಪಡಸಾಲಿ_ಆಳಂದ

ದೊಡ್ಡವ್ವ ಬ್ಯಾಟರಿ ಹಿಡಿದು ಫೋಟೋ ಕಳಿಸ್ಯಾಳ. "ಶುಭಕೃತ್ ನಾಮ ಸಂವತ್ಸರ ಮಾಘ ಶುದ್ಧ" ಅಂತ ಸ್ಪಷ್ಟ ಅದ. ಕೆಳಗ ಬಡಿಗೇರನ ಹೆಸರಿನ ಮೊದಲ ಅಕ್ಷರ ಇದ್ದಂಗ ಕಾಣ್ತದ, ಉಳಿದದ್ದು ಬಣ್ಣದಾಗ ಹೂತದ.

ಹಳೇ_ಪಹಣಿ

ಹಂಗಾದ್ರ 1903ರ ಜನವರಿ-ಫೆಬ್ರವರಿ. ಬರೆದಿಟ್ಟುಕೊಳ್ರಿ. ದರ್ಗಾ_ಗಲ್ಲಿ ಭಾಯ್, ತಿಂಗಳ ಹೆಸರು ಕೇಳಿದ್ದು ಛಲೋ ಆತು, ಪಕ್ಕಾ ಆತು.

ಇನ್ನೊಂದು ಮಾತು. 1871ಕ್ಕ ಮುಂಬೈ ಕಡಿಂದ ರಾಯಚೂರ ತನಕ ರೈಲು ಬಂತು, 1874ಕ್ಕ ವಾಡಿಯಿಂದ ಹೈದರಾಬಾದಿಗೆ ಹೋತು. ಆಮ್ಯಾಲ ಕಟ್ಟಿದ ವಾಡೆಗಳಾಗ ಉದ್ದನೆ ಸಾಗವಾನಿ, ಬಣ್ಣದ ಗಾಜು, ಬೀಡುಕಬ್ಬಿಣದ ಕಂಬ, ಗೋಡೆ ಗಡಿಯಾರ ಸಿಗ್ತಾವ. ಅದಕ್ಕಿಂತ ಹಳೇ ಮನಿಯೊಳಗ ಬೇವು, ಹುಣಸಿ, ಜಾಲಿ, ಅಂದ್ರ ಊರಾಗ ಸಿಕ್ಕ ಕಟಗಿ. ನಿಮ್ಮ ಕಂಬ ಹದಿನಾರೂ ಒಂದೇ ಅಳತಿ, ಒಂದೇ ಕಟಗಿ ಅಂದ್ರ ರೈಲಿನಾಗ ಬಂದಿರಬೇಕು.

ತೊಲಿ_ಜಂತಿ

ವೃತ್ತಿಯಲ್ಲಿ ಕಟ್ಟಡ ಎಂಜಿನಿಯರ್, ಕಲಬುರಗಿಯವ. ತಂಗಿ, ವರ್ಷ ಗೊತ್ತಾಯ್ತು, ಒಳ್ಳೆಯದು. ಈಗ ಬೀಳುವ ಗೋಡೆಯ ಮಾತಿಗೆ ಬರೋಣ, ಏಕೆಂದರೆ ಅದರ ಕೆಳಗೆ ನಿಮ್ಮ ದೊಡ್ಡಪ್ಪ, ದೊಡ್ಡವ್ವ ಮಲಗುತ್ತಾರೆ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ಭೂಕಂಪ ಆಯಿತು. ಕಿಲ್ಲಾರಿ ಆಳಂದದಿಂದ ದೂರವೇನಲ್ಲ, ನಮ್ಮ ಕಡೆಯೂ ನೆಲ ನಡುಗಿತ್ತು. ಅಲ್ಲಿ ಸಾವಿರಾರು ಜನರನ್ನು ಕೊಂದದ್ದು ಇದೇ ನಮೂನೆಯ ಮನೆಗಳು: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಗೋಡೆ ನೋಡಲಿಕ್ಕೆ ಒಂದೇ, ಒಳಗೆ ಎರಡು. ಹೊರಗಿನ ಸಾಲು ಒಂದು, ಒಳಗಿನ ಸಾಲು ಒಂದು, ನಡುವೆ ಚೂರುಕಲ್ಲು, ಮಣ್ಣು. ಎರಡೂ ಮೈ ಹಿಡಿಯುವ ಉದ್ದ ಕಲ್ಲು ಹಾಕದಿದ್ದರೆ ನೀರು ಇಳಿದಾಗ ಹೊರಗಿನ ಸಾಲು ಹೊಟ್ಟೆ ಬಿಡುತ್ತದೆ. ನಿಮ್ಮ ಬಡಗಣ ಗೋಡೆಗೆ ಆಗಿರುವುದು ಅದೇ ಇರಬೇಕು.

ಆದರೆ ಅದೇ ಭೂಕಂಪದಲ್ಲಿ ಇನ್ನೊಂದು ವಿಷಯ ಕಂಡುಬಂತು. ಕಂಬ, ತೊಲೆ, ಜಂತಿಯ ಕಟಗಿ ಚೌಕಟ್ಟು ಗಟ್ಟಿ ಇದ್ದ ಕಡೆ ಗೋಡೆ ಹೊರಕ್ಕೆ ಬಿದ್ದರೂ ಮಾಳಿಗೆ ಕಂಬದ ಮೇಲೆ ನಿಂತು ಒಳಗಿದ್ದವರು ಬದುಕಿದ ಮನೆಗಳಿದ್ದವು. ನಮ್ಮ ಹಿರಿಯರು ಮನೆಯನ್ನು ಇಷ್ಟು ಖಣ (ಕಂಬಗಳ ನಡುವಿನ ಅಂಕಣ) ಅಂತ ಎಣಿಸುತ್ತಿದ್ದದ್ದು ಈ ಚೌಕಟ್ಟಿನ ಲೆಕ್ಕದಲ್ಲೇ. ಅಂದರೆ ಆ ಹದಿನಾರು ಕಂಬ ನಿಮ್ಮ ಮನೆಯ ಅಲಂಕಾರದ ಸಾಮಾನು ಅಲ್ಲ, ಎಲುಬು. ವ್ಯಾಪಾರಿ ಅವನ್ನು ಮಂಚ, ದೀಪದ ಜೊತೆ ಒಂದೇ ಯಾದಿಯಲ್ಲಿ ಬರೆದಿದ್ದೇ ಮೋಸದ ಲೆಕ್ಕ. ಮಂಚ ಮಾರಿದರೆ ಮಂಚ ಹೋಗುತ್ತದೆ. ಕಂಬ ಮಾರಿದರೆ ಮನೆ ಹೋಗುತ್ತದೆ. ನಿಮ್ಮ ಕಾಕಾನ ಮಕ್ಕಳ ಮುಂದೆ ಈ ಒಂದು ಮಾತು ಇಡಿ.

ಮಾಳಿಗೆಯ ಮೇಲೆ ಮಣ್ಣು ಎಷ್ಟು ದಪ್ಪ ಇದೆ? ಅಂಚಿನಲ್ಲಿ ಅಳೆದು ಹೇಳಿ.

ಪಡಸಾಲಿ_ಆಳಂದ

ಸರ್, ದೊಡ್ಡಪ್ಪ ಮೂಲ್ಯಾಗ ಕಡ್ಡಿ ಇಳಿಸಿ ನೋಡ್ಯಾರ. ಎರಡು ಫೂಟಿನ ಹತ್ತಿರ ಅದ ಅಂತಾರ.

ತೊಲಿ_ಜಂತಿ

ಒಂದು ಫೂಟು ಮಣ್ಣು ಅಂದರೇ ಚದರ ಮೀಟರಿಗೆ ಸುಮಾರು ಅರ್ಧ ಟನ್ ಭಾರ. ನಿಮ್ಮದು ಅದರ ಎರಡು ಪಟ್ಟು, ಮಳೆಗಾಲದಲ್ಲಿ ನೀರು ಕುಡಿದು ಇನ್ನೂ ಹೆಚ್ಚು. ಮೊದಲು ಅದನ್ನು ಇಳಿಸಿ.

ಮಿರಗದ_ಮಳಿ

ಎಂಜಿನಿಯರ್ ಸಾಹೇಬ್ರು ಹೇಳೋದು ಕೇಳಿ ಸಿಟ್ಟು ಬಂತು. ನಮ್ಮ ಅಪ್ಪ, ಮುತ್ಯಾ ವರ್ಷಾ ಮಿರಗಕ್ಕಿಂತ (ಮೃಗಶಿರಾ ಮಳಿಗಿಂತ) ಮೊದಲ ಮಾಳಗಿಗೆ ಚೌಳಮಣ್ಣ ಹಾಕ್ತಿದ್ರು, ಹಾಕಿದ್ದಕ್ಕೇ ಸೋರ್ತಿರಲಿಲ್ಲ. ಬ್ಯಾಸಿಗಿಯೊಳಗ ಹೊರಗ ಬೆಂಕಿ ಬಿದ್ದಂಗ ಬಿಸಲಿದ್ರೂ ಒಳಗ ತಂಪು. ಅದ ಮಣ್ಣ ಇಳಿಸ್ರಿ ಅಂತೀರಿ. ಇಳಿಸಿದರ ಮನಿ ಸೋರ್ತದ, ಕಾಯ್ತದ, ಆಮ್ಯಾಲ ಸ್ಲ್ಯಾಬ್ ಬರ್ತದ. ಹಿಂಗೇ ನಮ್ಮೂರಾಗ ಒಂದೊಂದೇ ಮಾಳಗಿ ಹ್ವಾದ್ವು.

ತೊಲಿ_ಜಂತಿ

ಅಣ್ಣಾ, ಮಣ್ಣು ಪೂರ್ತಿ ಇಳಿಸಿ ಅಂತ ನಾನು ಅನ್ನಲಿಲ್ಲ. ಚೌಳುಮಣ್ಣಿನ ಗುಣ ಖರೇ. ಅದರಲ್ಲಿ ಸೋಡಿಯಂ ಉಪ್ಪು ಇರುತ್ತದೆ, ಜಿಗುಟು ಮಣ್ಣಿನ ಕಣ ನೀರು ತಾಗಿದ ಕೂಡಲೇ ಬಿಚ್ಚಿ ಹರಡಿ ಸಂದಿಯೆಲ್ಲ ಮುಚ್ಚುತ್ತದೆ. ಅದಕ್ಕೇ ಹೊಲಕ್ಕೆ ಅದು ಶಾಪ, ಮಾಳಿಗೆಗೆ ವರ. ಆದರೆ ಆ ಕೆಲಸಕ್ಕೆ ಮೇಲಿನ ಮೂರು-ನಾಲ್ಕು ಇಂಚು ಸಾಕು. ನಿಮ್ಮ ಮುತ್ಯಾ ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಕೆತ್ತಿ ತೆಗೆಯುತ್ತಿದ್ದರೋ, ಹಂಗೇ ಮೇಲೆ ಸುರಿಯುತ್ತಿದ್ದರೋ?

ಮಿರಗದ_ಮಳಿ

ಕೆತ್ತಿ ತೆಗೀತಿದ್ರು. ತೆಗೆದ ಮಣ್ಣ ಹೊಲಕ್ಕ ಹಾಕಬಾರದು ಅಂತ ದಾರಿಗೆ ಹಾಕ್ತಿದ್ರು. ಹರನಾಳಿಗಿ (ಮಾಳಗಿ ನೀರು ಹೋಗೋ ದೋಣಿ) ಸ್ವಚ್ಛ ಮಾಡಿ, ನೀರಿನ ಓಟ ನೋಡಿ ಆಮ್ಯಾಲ ಹೊಸಾದು.

ತೊಲಿ_ಜಂತಿ

ಅಲ್ಲೇ ಇದೆ ನೋಡಿ. ಆಳು ಸಿಗದ ಕಾಲಕ್ಕೆ ಕೆತ್ತುವುದು ನಿಂತಿತು, ಸುರಿಯುವುದು ಮಾತ್ರ ಉಳಿಯಿತು. ಇವರ ಮಾಳಿಗೆ ಎರಡು ಫೂಟಿಗೆ ಏರಿದ್ದು ಹಾಗೆಯೇ ಇರಬೇಕು.

ಅಡಗಿಮನಿ_ಕಿಂಡಿ

ಎಲ್ಲರೂ ಕಂಬ, ಮಾಳಗಿ ಅಂತೀರಿ, ಹಿಂದಿನ ಚೌಕದ ಕಡಿ ಯಾರೂ ಹಾಯಲಿಲ್ಲ. ನಾ ಇಂಥಾದೇ ವಾಡೇಕ್ಕ ಸೊಸಿಯಾಗಿ ಹೋದಾಕಿ. ಮುಂದಿನ ಪಡಸಾಲಿಯೊಳಗ ಗಾದಿ, ಲೋಡು, ಜಮಖಾನಿ, ರವಿವರ್ಮನ ಛಾಪಿಸಿದ ಚಿತ್ರ, ಗಡಿಯಾರ. ಹಿಂದ ಅಡಗಿಮನಿಗೆ ಮಾಳಗಿಯೊಳಗಿನ ಒಂದು ಬೆಳಕಿಂಡಿ ಬಿಟ್ರ ಕಿಡಕಿ ಇಲ್ಲ. ಹೊಗಿಯೊಳಗ ಕಣ್ಣು ಉರೀತಿದ್ದವು. ಮುಂದ ಯಾರು ಬಂದಾರ ಅಂತ ಬಾಗಲ ಸಂದಿಲೆ ನೋಡಬೇಕು. ಅಷ್ಟು ಚಂದನ ಪಡಸಾಲಿಯೊಳಗ ನಾ ಕುಂತದ್ದು ಅತ್ತಿ ಮಾವ ಇಬ್ಬರೂ ತೀರಿದ ಮ್ಯಾಲ.

ತಂಗಿ, ಉಳಿಸೋದಾದ್ರ ಬೀಸುಕಲ್ಲು, ಒರಳು, ನಾಗೊಂದಗಿ (ಸಾಮಾನು ಇಡೋ ಅಟ್ಟ), ನೀರಿನ ಹರವಿ ಇಡೋ ಕಲ್ಲು ಇವನ್ನೂ ಲೆಕ್ಕದಾಗ ಹಿಡೀರಿ. ವ್ಯಾಪಾರಿ ಇವನ್ನ ಕೇಳೋದಿಲ್ಲ, ಮನ್ಯಾಗಿನ ಗಂಡಸರೂ ಕೇಳೋದಿಲ್ಲ. ಹೆಣಮಕ್ಕಳ ಆಯುಷ್ಯ ಹ್ವಾದದ್ದು ಅಲ್ಲೇ.

ಇನ್ನೊಂದು, ಅಡಗಿಮನಿ ಜಂತಿ ಮುಟ್ಟಿ ನೋಡ್ರಿ. ಹೊಗಿ ಕುಡಿದು ಕರ್ರಗ ಆಗಿರ್ತಾವ, ಗೆದ್ದಲಿ ಮುಟ್ಟಿರೋದಿಲ್ಲ. ಗ್ಯಾಸ್ ಬಂದ ಮ್ಯಾಲ ನಮ್ಮ ಮನ್ಯಾಗ ಗೆದ್ದಲಿ ಸುರು ಆತು.

ಪಡಸಾಲಿ_ಆಳಂದ

ಅಕ್ಕಾ, ದೊಡ್ಡವ್ವಗ ಓದಿ ಹೇಳಿದೆ. ಆಕಿ ಏನೂ ಮಾತಾಡಲಿಲ್ಲ, ಎದ್ದು ಹೋಗಿ ಹಿಂದಿನ ಬೀಸುಕಲ್ಲಿನ ಫೋಟೋ ತಗದು ಕಳಿಸಿದಳು.

ಹಗೇವು

ನಾನೂ ಒಂದು ಮಾತು ಹೇಳ್ತೀನಿ. ನಮ್ಮ ಮುತ್ಯಾ ಒಂದು ವಾಡೇದಾಗ ಜೀತಕ್ಕಿದ್ದ. ಹಗೇವು ತೋಡಿದವರು ನಮ್ಮವರು, ಅದರಾಗ ಇಳಿದು ಜ್ವಾಳ ಮ್ಯಾಲ ಕೊಟ್ಟವರು ನಮ್ಮವರು. ಮುಚ್ಚಳ ತೆಗೆದ ಕೂಡಲೇ ಇಳೀಬಾರದು, ಒಳಗ ಕೆಟ್ಟ ಗಾಳಿ ಇರ್ತದ, ದೀಪ ಇಳಿಸಿ ನೋಡಬೇಕು. ಹಂಗ ನೋಡದ ಇಳಿದು ಸತ್ತವರು ಊರೂರಾಗ ಅದಾರ. ಸುಗ್ಗಿಯೊಳಗ ಅಷ್ಟು ಜ್ವಾಳ ತುಂಬಿದವಗ ಅಗಸಿ ದಾಟಿ ಪಡಸಾಲಿಗೆ ಬರೋ ಹಕ್ಕಿರಲಿಲ್ಲ, ದೇವಡಿ ಕಟ್ಟಿ ಕೆಳಗ ನಿಲ್ಲಬೇಕಾಗಿತ್ತು. ನೀವು "ನಮ್ಮ ಹಿರ್ಯಾರು ಕಟ್ಟಿಸಿದ್ದು" ಅಂತ ಬರದೀರಿ. ಕಟ್ಟಿಸಿದ್ದು ಅವರು, ಕಟ್ಟಿದ್ದು ಯಾರು ಅನ್ನೋದೂ ಹೇಳ್ರಿ. ಬೀಳೋದಾದ್ರ ಬೀಳಲಿ ಅಂತ ನನಗ ಅನಸ್ತದ, ಸುಳ್ಳು ಹೇಳೋದಿಲ್ಲ.

ಮಿರಗದ_ಮಳಿ

ಅಣ್ಣಾ, ಅದು ಆಗಿನ ಕಾಲ. ಈಗ ಆ ಹುಡುಗಿ ಮ್ಯಾಲ ಯಾಕ ಹಾಕ್ತೀರಿ.

ಹಗೇವು

ಆಕಿ ಮ್ಯಾಲ ಹಾಕಿಲ್ಲ. ಕಂಬದ ಕೆತ್ತನಿ ಬಗ್ಗೆ ಇಷ್ಟು ಬರೀತೀರಿ, ಕೆತ್ತಿದವರ ಬಗ್ಗೆ ಒಂದು ಸಾಲು ಇಲ್ಲ. ಅದು ನೋಡಿ ಬರೆದೆ.

ಪಡಸಾಲಿ_ಆಳಂದ

ಅಣ್ಣಾ, ಬರೆದದ್ದು ಛಲೋ ಮಾಡಿದ್ರಿ. ಬಾಗಲದ ಪಟ್ಟಿಯೊಳಗ ಬಡಿಗೇರನ ಹೆಸರಿನ ಮ್ಯಾಲಿನ ಬಣ್ಣ ತೆಗಿಸಿ ಓದಸ್ತೀನಿ. ಊರಾಗ ಹಗೇವು ತೋಡಿದ ಮನೆತನದವರು, ಕಲ್ಲು ಒಡೆದವರು ಯಾರು ಅಂತ ಹಿರ್ಯಾರನ್ನ ಕೇಳಿ ಬರೆದಿಡ್ತೀನಿ. ಮನಿ ಉಳಿದರ ಆ ಹೆಸರು ಮುಂದಿನ ಗ್ವಾಡಿ ಮ್ಯಾಲ ಇರಬೇಕು ಅಂತ ನನ್ನ ಮನಸಿನಾಗ ಅದ.

ಹಂಗ ಇನ್ನೊಂದು ಕೇಳೋದದ. ಪಡಸಾಲಿ ಬಾಗಲಕ್ಕ ತಡಿ ಕೊಡಲಿಕ್ಕ ನಾಲ್ಕು ಕರೀ ಗುಮ್ಮಟದ ಆಕಾರದ ಭಾರದ ಸಾಮಾನು ಇಟ್ಟಾರ. ತಳ ಚಪ್ಪಟಿ, ಮ್ಯಾಲ ಬೆಳ್ಳಿ ಹೂಬಳ್ಳಿ ಮಾಸಲಾಗಿ ಕಾಣ್ತದ. ವ್ಯಾಪಾರಿ "ಇವು ಏನೂ ಬರೋದಿಲ್ಲ, ಸುಮ್ನ ಕೊಡ್ರಿ" ಅಂದಿದ್ದ.

ಬಿದರಿ_ಉಳಿ

ಕೊಡಬ್ಯಾಡ್ರಿ! ನಾಲ್ಕೂ ಅದಾವ ಅಂದ್ರ ಮೀರ್-ಎ-ಫರ್ಶ್. ನೆಲಕ್ಕ ಹಾಸಿದ ಬಿಳಿ ಚಾದರ, ಜಮಖಾನಿ ಗಾಳಿಗೆ ಏಳಬಾರದಂತ ನಾಲ್ಕು ಮೂಲಿಗೆ ಇಡೋ ತೂಕ. ನಾವು ಮನೆತನದಿಂದ ಬಿದರಿ ಕೆಲಸದವರು. ನಾಲ್ಕು ಒಟ್ಟಿಗೆ ಉಳಿಯೋದು ಅಪರೂಪ, ಮಂದಿ ಪಾಲು ಮಾಡೋವಾಗ ಒಂದೊಂದು ಹಂಚ್ಕೊಂಡು ಬಿಡ್ತಾರ.

ಒಳಗಿನದು ಸತುವು, ಅದಕ್ಕ ಜರಾ ತಾಮ್ರ. ಹದಿನಾರು ಪಾಲಿಗೆ ಒಂದು ಪಾಲು ಅಂತ ಸಾಮಾನ್ಯ ಲೆಕ್ಕ. ಎರಕ ಹೊಯ್ದು, ಗೀರು ಕೊರೆದು, ಬೆಳ್ಳಿ ತಂತಿ ಬಡಿದು ಕೂಡಿಸ್ತೀವಿ. ಕಡೀಗೆ ಬೀದರ ಕೋಟಿ (ಕಿಲ್ಲೆ) ಒಳಗಿನ ಹಳೇ ಮಣ್ಣು, ನವಸಾಗರ ಕೂಡಿಸಿ ಕುದಿಸಿದ ನೀರಾಗ ಅದ್ದಿದರ ಸತುವು ಕರ್ರಗ ಆಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. ಅದಕ್ಕೇ ಹುಣಸಿಹಣ್ಣು, ನಿಂಬಿಹಣ್ಣು, ಬೂದಿ ಹಚ್ಚಿ ತಿಕ್ಕಬ್ಯಾಡ್ರಿ, ಹುಳಿ ತಾಗಿದರ ಕರೀ ಬಣ್ಣ ಹೋಗ್ತದ. ಮೆತ್ತನ ಬಟ್ಟಿಗೆ ಎರಡು ಹನಿ ಕೊಬ್ಬರಿ ಎಣ್ಣಿ ಹಾಕಿ ಒರಸ್ರಿ, ಸಾಕು. ಮಾಸಿದ ಹೂಬಳ್ಳಿ ತಾನೇ ಏಳ್ತದ.

ಕೆಂಪುಗಲ್ಲು_ಬೀದರ

ಬೀದರದ ಮಾತು ಬಂತು ಅಂದ ಮ್ಯಾಲ ರಂಗೀನ್ ಮಹಲ್ ಹೇಳಲೇಬೇಕು. ಪಡಸಾಲಿ ಅಕ್ಕಾ, ನಿಮ್ಮ ಕಾಕಾನ ಮಕ್ಕಳನ್ನ ಒಂದ್ಸಲ ಅಲ್ಲಿಗೆ ಕರಕೊಂಡು ಬರ್ರಿ. ಕೋಟಿ ಒಳಗ ಗುಂಬದ್ ದರವಾಜಾ ದಾಟಿದ ಕೂಡಲೇ ಅದ. ಈಗ ನಿಂತ ರೂಪ ಹೆಚ್ಚಾಗಿ ಬೀದರದ ಸುಲ್ತಾನ ಅಲಿ ಬರೀದನ ಕಾಲದ್ದು, 1542ರಿಂದ 1580. ಮುಂದಿನ ಪಡಸಾಲಿಯೊಳಗ ಕೆತ್ತನಿ ಕಟಗಿ ಕಂಬ, ಬೋದಿಗಿ ಇನ್ನೂ ನಿಂತಾವ. ಒಳಗಿನ ಖೋಲಿಯ ಬಾಗಲಕ್ಕ ಕರೀ ಕಲ್ಲಿನಾಗ ಮುತ್ತಿನ ಚಿಪ್ಪು ಕೂಡಿಸಿ ಬಳ್ಳಿ, ಪಾರ್ಸಿ ಸಾಲು ಬರದಾರ. ಬಣ್ಣದ ಹಂಚಿನ ಕೆಲಸ ಒಂದಿಷ್ಟು ಉದುರೇದ, ಆದರ ಉಳಿದದ್ದು ನೋಡಿದರೂ ಎದಿ ತುಂಬ್ತದ. ಕಟಗಿ ನಾಲ್ಕನೂರು ವರ್ಷ ಬಾಳಿದ್ದು ಹ್ಯಾಂಗ? ಮ್ಯಾಲಿನ ಮಾಳಗಿ ನೀರು ಬಿಡಲಿಲ್ಲ, ಅಷ್ಟೇ. ಕಟಗಿ ಒಣಗಿದ್ರ ಅದಕ್ಕ ವಯಸ್ಸಾಗೋದಿಲ್ಲ.

ದರ್ಗಾ_ಗಲ್ಲಿ

ರಂಗೀನ್ ಮಹಲ್ ಬಾಗಲ ಹೆಚ್ಚಾಗಿ ಕೀಲಿ ಹಾಕಿರ್ತದ. ಪುರಾತತ್ವ ಕಚೇರಿಯಾಗ ಕೇಳಿದರ ತೆಗೀತಾರ. ಹಂಗೇ ಬಹಮನಿ ಮಂತ್ರಿ ಮಹಮೂದ್ ಗಾವಾನರ ಮದರಸಾನೂ ನೋಡ್ರಿ, 1472ರದ್ದು. ಸಿಡಿಮದ್ದು ಸಿಡಿದು ಅರ್ಧ ಹೋದ್ರೂ ಉಳಿದ ಮಿನಾರಿನ ಮ್ಯಾಲ ಹಂಚಿನ ನೀಲಿ ಇನ್ನೂ ಹೊಳೀತದ.

ಸುರಪುರದ_ಗುಡ್ಡ

ಬೀದರದವರು ಬೀದರ ಬಿಟ್ಟು ಮುಂದ ಬರೋದಿಲ್ಲ. ನಮ್ಮ ಸುರಪುರದಾಗ ಗುಡ್ಡದ ಮ್ಯಾಲ ಟೇಲರ್ ಮಂಜಿಲ್ ಅದ. ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರ ತನಕ ಸುರಪುರದಾಗ ಇದ್ದ, ಸಣ್ಣ ಹುಡುಗ ಆಗಿದ್ದ ರಾಜಾ ವೆಂಕಟಪ್ಪ ನಾಯಕರು ಅವನಿಗೆ ಅಪ್ಪಾ ಅಂತಿದ್ರು. ಬಂಗಲೆಯ ರೀತಿನೇ ಬ್ಯಾರೆ. ವಾಡೆ ಊರಿಗೆ ಬೆನ್ನು ಮಾಡಿ ತನ್ನ ಚೌಕದ ಕಡಿ ನೋಡ್ತದ, ಹೊರಗಿನ ಗ್ವಾಡಿಗೆ ಕಿಡಕಿ ಕಡಿಮಿ. ಕಳ್ಳರು, ದಂಡು, ಬಿಸಿಲು ಮೂರೂ ಒಳಗ ಬರಬಾರದು. ಬಂಗಲೆ ಗುಡ್ಡದ ಮ್ಯಾಲ ಕುಂತು ಊರು ನೋಡ್ತದ. ಅಧಿಕಾರ ಎಲ್ಲಿ ಕುಂತದ ಅನ್ನೋದು ಮನಿ ಕಟ್ಟೋ ರೀತಿಯಾಗೇ ತಿಳೀತದ.

ಕೆಂಪುಗಲ್ಲು_ಬೀದರ

ಮಾತು ಖರೇ. ಆದರ ವಾಡೇಕ್ಕೂ ಹುಡೇ (ಕಾವಲು ಬುರುಜು) ಇರ್ತಿತ್ತಲ್ಲ, ಅದರ ಮ್ಯಾಲ ನಿಂತು ಅವರೂ ಊರು ನೋಡ್ತಿದ್ರು.

ಸುರಪುರದ_ಗುಡ್ಡ

ಹುಡೇ ಕಾವಲಿಗೆ. ಕೂತು ಚಹಾ ಕುಡಿಯೋಕಲ್ಲ.

ಕಂಬ_ಕೊಂಡವನು_ಬೆಂಗಳೂರು

ನನ್ನ ಮಾತು ಇಲ್ಲಿ ಯಾರಿಗೂ ಹಿಡಿಸಲಿಕ್ಕಿಲ್ಲ, ಆದರೂ ಹೇಳ್ತೀನಿ. ನಾನು ಬೆಂಗಳೂರಲ್ಲಿ ಮನೆ ಕಟ್ಟುವಾಗ ಹಳೇ ಕಂಬ ನಾಲ್ಕು ಕೊಂಡು ತಂದಿದ್ದೇನೆ. ದಿನಾ ಒರೆಸ್ತೀವಿ, ಮಕ್ಕಳಿಗೆ ತೋರಿಸ್ತೀವಿ. ಹಳ್ಳಿಯಲ್ಲಿ ಯಾರೂ ಇಲ್ಲದ ಮನೆಯಲ್ಲಿ ಗೆದ್ದಲು ತಿಂದು ಹೋಗೋದಕ್ಕಿಂತ ಬೇರೆ ಕಡೆ ಬದುಕೋದು ಮೇಲಲ್ವಾ? 2020ರ ಅಕ್ಟೋಬರ್ ಮಳೆಗೆ ನಿಮ್ಮ ಕಡೆ ಎಷ್ಟು ಹಳೇ ಮನೆ ಬಿದ್ದವು, ಆ ಕಟ್ಟಿಗೆ ಎಲ್ಲಿ ಹೋಯಿತು? ಒಲೆಗೆ ಹೋಯಿತು. ಮಾರುವವರನ್ನೆಲ್ಲ ಕಳ್ಳರ ಹಾಗೆ ನೋಡಬೇಡಿ.

ಮಿರಗದ_ಮಳಿ

ಬಿದ್ದ ಮನಿ ಕಟಗಿ ತಗೊಳ್ರಿ, ಬ್ಯಾಡ ಅಂದವರ್ಯಾರು. ನಿಂತ ಮನಿ ಕೆಡವಿಸಿ ತಗೋಬ್ಯಾಡ್ರಿ.

ತೊಲಿ_ಜಂತಿ

ಬೆಂಗಳೂರಿನ ಸರ್ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಬಿದ್ದ ಮನೆಯ ಕಟಗಿ ಇನ್ನೊಂದು ಮನೆಗೆ ಹೋಗುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಆದರೆ ನಿಮಗೆ ಕಂಬ ಕೊಟ್ಟವನು ಅದು ಬಿದ್ದ ಮನೆಯದ್ದೋ, ನಿಂತ ಮನೆಯದ್ದೋ ಹೇಳಿದನೇ? ಬೇಡಿಕೆ ಬಂದ ಮೇಲೆ ನಿಂತ ಮನೆಗಳೂ "ಬೀಳುವ ಮನೆ" ಆಗುತ್ತಿವೆ. ನೀವು ಕೊಳ್ಳುವಾಗ ಊರು, ಮನೆ ಕೇಳಿ ಬರೆಸಿಕೊಂಡರೆ ವ್ಯಾಪಾರಿಯೂ ಜರಾ ಹೆದರುತ್ತಾನೆ.

ಕಂಬ_ಕೊಂಡವನು_ಬೆಂಗಳೂರು

ಹೇಳಲಿಲ್ಲ. ಇನ್ನು ಮುಂದೆ ಕೇಳ್ತೀನಿ. ಆದರೆ ಮನೆಯವರೇ ಮಾರ್ತೀವಿ ಅಂದಾಗ ಕೊಳ್ಳುವವನನ್ನು ಬೈಯೋದು ನ್ಯಾಯ ಅಲ್ಲ, ಅದನ್ನು ಬಿಡೋದಿಲ್ಲ.

ಹಳೇ_ಪಹಣಿ

ಕಾನೂನಿನ ಮಾತೂ ಇರಲಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾ ವಸ್ತು, ಕುಶಲಕರ್ಮದ ವಸ್ತು ಪುರಾತನ ವಸ್ತು ಆಗ್ತಾವ. ಅವನ್ನ ಖಾಸಗಿಯವರು ಪರದೇಶಕ್ಕ ಕಳಿಸೋಹಂಗಿಲ್ಲ, ಅದರ ವ್ಯಾಪಾರಕ್ಕ ಪರವಾನಗಿ ಬೇಕು. ನಿಮ್ಮ ಬಾಗಲ 1903ರದ್ದು ಅಂತ ಅದರ ಮೈಮ್ಯಾಲೇ ಬರೆದದ. ಬಂದ ವ್ಯಾಪಾರಿಗೆ ಪರವಾನಗಿ ತೋರಸಪ್ಪ ಅಂತ ಕೇಳ್ರಿ. ಮತ್ತ ಪಹಣಿ, ಆಸ್ತಿ ಐದು ಮಂದಿ ವಾರಸುದಾರರ ಹೆಸರಿನಾಗ ಅದ ಅಂದ್ರ ಒಬ್ಬರು ಸಹಿ ಮಾಡಿ ಕಂಬ ಕೀಳಸೋಹಂಗೂ ಇಲ್ಲ.

ಗಚ್ಚಿನ_ಗಾಣ

ನಾ ಗೌಂಡಿ ಕೆಲಸದವ, ಚಿತ್ತಾಪುರ ಕಡಿ. ಸ್ಲ್ಯಾಬ್ ಹಾಕಸ್ರಿ ಅಂದವನ ಮ್ಯಾಲ ಸಿಟ್ಟಾಗಬ್ಯಾಡ್ರಿ, ಈಗಿನ ಹುಡುಗರಿಗೆ ಅದೇ ಬರೋದು. ಆದರ ಮಣ್ಣಿನ ಗ್ವಾಡಿ ಮ್ಯಾಲ ಸಿಮೆಂಟ್ ಹಚ್ಚಿದರ ಏನಾಗ್ತದ ಹೇಳ್ತೀನಿ. ನೆಲದ ಹಸಿ ಗ್ವಾಡಿಯೊಳಗ ಮ್ಯಾಲ ಏರ್ತದ. ಸುಣ್ಣದ ಗಿಲಾವು ಇದ್ರ ಅದು ಹೊರಗ ಆರ್ತದ. ಸಿಮೆಂಟ್ ಬಿಡೋದಿಲ್ಲ, ಹಸಿ ಒಳಗೇ ಕುಂತು ಮಣ್ಣ ಕೊಳೀತದ, ಉಪ್ಪು ಬಿಟ್ಟು ಗಿಲಾವು ಹಪ್ಪಳದಂಗ ಏಳ್ತದ. ನಿಮ್ಮ ಬಡಗಣ ಗ್ವಾಡಿಗೆ ಯಾವಾಗರೆ ಸಿಮೆಂಟ್ ಹಚ್ಚಿಸಿದ್ರಿ ಏನು?

ಗಚ್ಚು ಮಾಡೋದು ಇನ್ನೂ ಬರ್ತದ ನಮಗ. ಸುಟ್ಟ ಸುಣ್ಣ ಗುಂಡ್ಯಾಗ ನೀರು ಹಾಕಿ ವಾರಗಟ್ಟಲೆ ಕೊಳಸಬೇಕು, ಎಷ್ಟು ದಿನ ಇಟ್ರ ಅಷ್ಟು ಬೆಣ್ಣಿಯಾಗ್ತದ. ಉಸುಕು, ಇಟ್ಟಂಗಿ ಪುಡಿ ಕೂಡಿಸಿ ಗಾಣದಾಗ ಎತ್ತು ಹೂಡಿ ಅರೀತಿದ್ವಿ, ಈಗ ಮಷೀನ್ ಅದ. ಬೆಲ್ಲದ ನೀರು, ಅಳಲೇಕಾಯಿ ನೆನೆ ಹಾಕಿದ ನೀರು ಹಾಕ್ತೀವಿ. ಹಚ್ಚಿದ ಮ್ಯಾಲ ಜಲ್ದಿ ಆರಬಾರದು, ಗೋಣಿತಟ್ಟು ಹಸಿ ಮಾಡಿ ಮುಚ್ಚಬೇಕು. ಮಾಡಿಸೋದಾದ್ರ ಚಳಿಗಾಲದಾಗ ಮಾಡಸ್ರಿ, ನಮ್ಮ ಬ್ಯಾಸಿಗಿ ಬಿಸಲಿಗೆ ಸುಣ್ಣ ಸೀಳ್ತದ.

ಪಡಸಾಲಿ_ಆಳಂದ

ಹಚ್ಚಿಸಿದ್ರಂತ್ರಿ, ದೊಡ್ಡಣ್ಣನ ಲಗ್ನಕ್ಕ. ಅದೇ ಗ್ವಾಡಿಗೆ ಮಾತ್ರ, ಹಾದಿ ಕಡಿ ಕಾಣ್ತದಂತ.

ಗಚ್ಚಿನ_ಗಾಣ

ಅದೇ ನೋಡ್ರಿ ಮತ್ತ.

ತೊಲಿ_ಜಂತಿ

ಹಾಗಾದರೆ ಕೆಲಸದ ಕ್ರಮ ಹೇಳಿಬಿಡುತ್ತೇನೆ. ಮಳೆ ಬರುವ ಮೊದಲು ಬಡಗಣ ಗೋಡೆಯ ಕಡೆಯ ತೊಲೆಗಳಿಗೆ ಒಳಗಿನಿಂದ ಉಕ್ಕಿನ ಜಾಕ್ ಕೊಟ್ಟು ಭಾರ ಹಿಡಿಯಿರಿ, ದೊಡ್ಡಪ್ಪನವರ ಮಂಚ ಆ ಕಡೆಯಿಂದ ಇವತ್ತೇ ಸರಿಸಿ. ಮಾಳಿಗೆಯ ಮಣ್ಣನ್ನು ನಡುವಿನಿಂದ ಅಂಚಿಗೆ, ಎಲ್ಲ ಕಡೆ ಸಮನಾಗಿ ಇಳಿಸಬೇಕು. ಒಂದೇ ಕಡೆ ಇಳಿಸಿದರೆ ಚೌಕಟ್ಟು ವಾಲುತ್ತದೆ. ಮೇಲೆ ಆರು-ಎಂಟು ಇಂಚು ಇಟ್ಟರೆ ತಂಪೂ ಉಳಿಯುತ್ತದೆ, ಮಿರಗದ_ಮಳಿ ಅಣ್ಣನ ಚೌಳುಮಣ್ಣಿಗೂ ಜಾಗ ಇರುತ್ತದೆ. ಮಣ್ಣು ಇಳಿದ ಮೇಲೆ ಹೊಟ್ಟೆ ಬಿಟ್ಟ ಭಾಗವನ್ನು ಬಿಚ್ಚಿ, ಅದೇ ಕಲ್ಲಿನಲ್ಲಿ, ಎರಡೂ ಮೈ ಹಿಡಿಯುವ ಉದ್ದ ಕಲ್ಲು ನಡುನಡುವೆ ಹಾಕಿ ಮತ್ತೆ ಕಟ್ಟಬೇಕು. ಉಳಿದ ಗೋಡೆಗೆ ಅಲ್ಲಲ್ಲಿ ತೂತು ಮಾಡಿ ಸಲಾಕಿ, ಕಾಂಕ್ರೀಟು ತುಂಬಿ ಎರಡು ಮೈ ಹೊಲಿಯಬಹುದು, ಕಿಲ್ಲಾರಿಯ ನಂತರ ಈ ಕೆಲಸ ರೂಢಿಗೆ ಬಂತು. ಕಂಬ-ತೊಲೆ ಕೂಡುವಲ್ಲಿ ಓರೆ ಕಟಗಿ ಕೊಡಿಸಿ, ಅಲುಗಾಟ ಕಡಿಮೆ ಆಗುತ್ತದೆ.

ಸ್ಲ್ಯಾಬಿನ ಬಗ್ಗೆ ನ್ಯಾಯವಾಗಿ ಹೇಳಬೇಕಂದರೆ ಅದು ನಿಮ್ಮ ಎರಡು ಫೂಟು ಮಣ್ಣಿಗಿಂತ ಹಗುರ. ತೊಂದರೆ ಭಾರದ್ದಲ್ಲ. ಸ್ಲ್ಯಾಬ್ ಕಂಬ ಬಿಟ್ಟು ಮಣ್ಣಿನ ಗೋಡೆಯ ಮೇಲೆ ಕೂಡುತ್ತದೆ, ಆ ಗೋಡೆ ಅಲುಗಾಡಿದರೆ ಇಡೀ ಸ್ಲ್ಯಾಬ್ ಒಂದೇ ತುಂಡಾಗಿ ಕೆಳಗೆ ಬರುತ್ತದೆ.

ಹಳೇ ಕಟ್ಟಡದ ಅನುಭವ ಇರುವ ಎಂಜಿನಿಯರನ್ನು ಕರೆಸಿ ನೋಡಿಸದೆ ಒಂದು ಕಲ್ಲನ್ನೂ ತೆಗೆಯಬೇಡಿ. ಇಲ್ಲಿ ಓದಿ ಕೆಲಸಕ್ಕೆ ಕೈ ಹಾಕುವುದಲ್ಲ ಇದು.

ಹಗೇವು

ಎಂಜಿನಿಯರ್ ಸರ್, ಗ್ವಾಡಿ ಬಿಚ್ಚೋವಾಗ ಹಗೇವಿನ ಬಾಯಿ ಎಲ್ಲದ ನೋಡಿ ಬಿಚ್ಚಸ್ರಿ. ಜಾಕ್ ಅದರ ಮ್ಯಾಲ ನಿಂತ್ರ ನೆಲ ಕುಸೀತದ. ಹಗೇವು ಬಾಯಿ ಸಣ್ಣದು, ಒಳಗ ಹೊಟ್ಟಿ ಅಗಲ ಇರ್ತದ.

ತೊಲಿ_ಜಂತಿ

ಬಹಳ ದೊಡ್ಡ ಮಾತು ಹೇಳಿದಿರಿ. ತಂಗಿ, ಮೊದಲು ಹಗೇವಿನ ಅಗಲ ಗುರುತು ಮಾಡಿಸಿ, ಆಮೇಲೆ ಜಾಕ್.

ಪಡಸಾಲಿ_ಆಳಂದ

ಮನ್ಯಾಗ ಮಾತಾತು. ಫೋನಿನಾಗ ಎಲ್ಲರೂ ಕೂಡಿದ್ವಿ. ಕಂಬ, ಬಾಗಲ ಮಾರೋದಿಲ್ಲ ಅಂತ ಆತು. "ಕಂಬ ಮಾರಿದರ ಮನಿ ಹೋಗ್ತದ" ಅನ್ನೋ ಮಾತಿಗೆ ಪುಣೆ ಅಣ್ಣನೂ ಸುಮ್ಮನಾದ. ಹಂಡಿ ದೀಪ ಎರಡು, ಗಡಿಯಾರ ಒಂದು ಅವರವರ ಪಾಲಿಗೆ ತಗೊಂಡು ಹೋಗ್ತಾರ, ನಾ ಬ್ಯಾಡ ಅನ್ನಲಿಲ್ಲ. ಮೀರ್-ಎ-ಫರ್ಶ್ ನಾಲ್ಕೂ ಒಟ್ಟಿಗೇ ಇಲ್ಲೇ ಉಳೀತಾವ. ಮಣ್ಣ ಇಳಿಸೋ ಖರ್ಚಿಗೆ ಮೂರು ಮಂದಿ ಒಪ್ಯಾರ, ಇಬ್ಬರು ಇನ್ನೂ ಇಲ್ಲ. ತೂಗುಮಂಚದ ಮಾತು ಇನ್ನೂ ಹರಿದಿಲ್ಲ, ಬೆಂಗಳೂರು ಅತ್ತಿಗೆ ಅದು ಬೇಕೇ ಬೇಕಂತ.

ದೊಡ್ಡಪ್ಪಾರ ಮಂಚ ನಿನ್ನೇನೇ ಸರಿಸೇವಿ. ಹಂಗ ದೊಡ್ಡವ್ವ ಕೇಳ್ಯಾಳ, ಪರಸಿ ಭಾಳ ಕಪ್ಪಾಗ್ಯದ, ಕಕ್ಕಸ ತೊಳಿಯೋ ಆಸಿಡ್ ಹಾಕಿದರ ಬೆಳ್ಳಗ ಆಗ್ತದೇನು ಅಂತ.

ಗಚ್ಚಿನ_ಗಾಣ

ಬ್ಯಾಡ ಬ್ಯಾಡ! ಶಹಾಬಾದ್ ಪರಸಿ ಅಂದ್ರ ಸುಣ್ಣದಕಲ್ಲೇ, ಆಸಿಡ್ ಬಿದ್ದ ಕೂಡಲೇ ನೊರಿ ಎದ್ದು ಮ್ಯಾಲಿನ ಪದರ ತಿನ್ನತದ, ಆಮ್ಯಾಲ ಇನ್ನೂ ಜಾಸ್ತಿ ಹೊಲಸು ಹಿಡೀತದ. ಬಟ್ಟಿ ಸೋಡಾ ಬಿಸಿನೀರಾಗ ಹಾಕಿ ತೆಂಗಿನ ಜುಂಗಿನಿಂದ ತಿಕ್ಕಸ್ರಿ. ಎಣ್ಣಿ ಇಳಿದ ಕಡಿ ಸುಣ್ಣದ ಪುಡಿ ಹಾಕಿ ರಾತ್ರಿ ಬಿಡ್ರಿ. ಎದ್ದ ಪರಸಿ ಇದ್ರ ತೆಗೆದು ಕೆಳಗ ಸುಣ್ಣ-ಉಸುಕು ಹಾಕಿ ಕೂಡಿಸಬೇಕು, ಸಿಮೆಂಟ್ ಅಲ್ಲಿಗೂ ಬ್ಯಾಡ.

ಅಡಗಿಮನಿ_ಕಿಂಡಿ

ದೊಡ್ಡವ್ವಗ ಹೇಳ್ರಿ, ತಿಕ್ಕೋದು ಆಕಿ ಒಬ್ಬಾಕಿ ಮಾಡಬಾರದು. ಪಾಲು ಕೇಳಲಿಕ್ಕ ಬರೋರೆಲ್ಲ ಒಂದು ದಿನ ಮೊದಲ ಬಂದು ನೆಲ ತೊಳೀಲಿ.